ಮೈಲಿಗಲ್ಲಿನ ಮೇಲೆ ನಮ್ಮೂರ ಹೆಸರು

ಹೊಸೂರು ಬೆಳೆದದ್ದು ಕಾರ್ಖಾನೆಗಳಿಂದ, ಕಾರ್ಖಾನೆಗಳು ಬಂದದ್ದು ಹೆದ್ದಾರಿಯಿಂದ, ಆ ಹೆದ್ದಾರಿ ಹಿಡಿದು ಕೆಲಸ ಹುಡುಕುತ್ತಾ ಬೆಂಗಳೂರಿನ ಕಡೆಯಿಂದ ಬಂದವರೇ ಇಲ್ಲಿನ ಕನ್ನಡಿಗರು - ಹೀಗೊಂದು ಮಾತು ನಮ್ಮ ಕಡೆ ಬಹಳ ದಿನಗಳಿಂದ ಚಲಾವಣೆಯಲ್ಲಿದೆ. ಸಭೆಗಳಲ್ಲಿ ಹೇಳುತ್ತಾರೆ, ಟೀ ಅಂಗಡಿಯ ಬೆಂಚಿನ ಮೇಲೆ ಹೇಳುತ್ತಾರೆ, ನಮ್ಮ ಮಕ್ಕಳೂ ಕೇಳಿ ಕೇಳಿ ನಿಜವೆಂದು ನಂಬಿಬಿಟ್ಟಿದ್ದಾರೆ. ಈ ಮಾತಿನ ಬಾಲಕ್ಕೆ ಇನ್ನೊಂದು ಮಾತು ಕಟ್ಟಿರುತ್ತದೆ: ‘ಬಂದವರು ಬಂದ ಹಾಗೆ ಇರಿ, ರಸ್ತೆಯ ಫಲಕದ ಮೇಲೆ ನಿಮ್ಮ ಭಾಷೆ ಕೇಳಬೇಡಿ.’

ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವನಿಗೆ ಇದರಲ್ಲಿರುವ ತಪ್ಪು ತಟ್ಟನೆ ಕಾಣುತ್ತದೆ. ಹಿಂದಿನ ಪುಟದ ಶಿಲ್ಕನ್ನು ಮುಂದಕ್ಕೆ ತಾರದೆ ಹೊಸ ಪುಟ ಬರೆಯತೊಡಗಿದರೆ, ಆ ಪುಟದ ಕೂಡುವಿಕೆ ಎಷ್ಟು ಸರಿಯಿದ್ದರೂ ಖಾತೆ ತಪ್ಪೇ. ಹೊಸೂರು ಹೆದ್ದಾರಿಯ ಖಾತೆಯನ್ನು 1970ರ ದಶಕದಿಂದ ಆರಂಭಿಸುವವರು ಸಾವಿರ ವರ್ಷದ ಶಿಲ್ಕನ್ನು ಬಿಟ್ಟು ಬರೆಯುತ್ತಿದ್ದಾರೆ. ಆ ಬಿಟ್ಟುಹೋದ ಪುಟಗಳನ್ನು ತೆಗೆದು ತೋರಿಸುವುದು, ಅದರ ಆಧಾರದ ಮೇಲೆ ನಮಗೆ ಬರಬೇಕಾದದ್ದನ್ನು ಕೇಳುವುದು, ಇಷ್ಟೇ ಈ ಲೇಖನದ ಉದ್ದೇಶ.

ಹೊಸೂರಿಗೆ ಸೇರಿದ ಆಲಸನತ್ತಂನವನು ಕಾಸರಗೋಡು ಸೀಮೆಯ ಓದುಗರ ಮುಂದೆ ಇದನ್ನು ಯಾಕೆ ಹೇಳಬೇಕು ಎಂದು ನೀವು ಕೇಳಬಹುದು. ಕಾರಣವುಂಟು. ನಿಮ್ಮೂರುಗಳ ನಡುವೆ ಹಾದುಹೋಗುವ ಪನ್ವೇಲ್-ಕನ್ಯಾಕುಮಾರಿ ಹೆದ್ದಾರಿಗೆ ಈಗ 66 ಎಂಬ ಸಂಖ್ಯೆ. ಹಿಂದೆ ಅದನ್ನು 17 ಎನ್ನುತ್ತಿದ್ದೆವು. 2010ರಲ್ಲಿ ಕೇಂದ್ರ ಸರಕಾರ ಸಂಖ್ಯೆಗಳನ್ನೆಲ್ಲ ಬದಲಾಯಿಸುವ ಮುಂಚೆ 66 ಎಂಬ ಸಂಖ್ಯೆ ಇದ್ದದ್ದು ನಮ್ಮ ಕೃಷ್ಣಗಿರಿಯಿಂದ ಪಾಂಡಿಚೇರಿಗೆ ಹೋಗುವ ಮಾರ್ಗಕ್ಕೆ. ನಮ್ಮ ಹೊಸೂರಿನ ಮಾರ್ಗ ಆಗ 7, ವಾರಾಣಸಿಯಿಂದ ಕನ್ಯಾಕುಮಾರಿಯವರೆಗೆ 2,369 ಕಿಲೋಮೀಟರು. ಈಗ ಅದು ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ರ ಒಂದು ತುಂಡು. ನಿಮ್ಮ ದಾರಿ, ನಮ್ಮ ದಾರಿ ಎರಡೂ ಕೊನೆಗೆ ಕನ್ಯಾಕುಮಾರಿಯಲ್ಲೇ ಸೇರುತ್ತವೆ. ಸಂಖ್ಯೆಯ ಮಾತು ಆಕಸ್ಮಿಕವೆನ್ನಿ. ಆದರೆ ನಿಮ್ಮ ನಮ್ಮ ಹಣೆಬರಹವನ್ನು ಒಂದೇ ಕೈ ಬರೆದದ್ದು ಆಕಸ್ಮಿಕವಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಲ್ಲುಗಳ ಸಾಕ್ಷಿ ಕೇಳೋಣ. ಬೆಂಗಳೂರಿನಿಂದ ಹೊಸೂರಿಗೆ ಬರುವ ದಾರಿಗೆ ಹತ್ತಿರದಲ್ಲೇ ಬೇಗೂರು ಇದೆ. ಅಲ್ಲಿನ ನಾಗೇಶ್ವರ ದೇವಾಲಯದ ಕನ್ನಡ ವೀರಗಲ್ಲು ಸುಮಾರು ಕ್ರಿ.ಶ. 890ರದು, ‘ಬೆಂಗಳೂರು’ ಎಂಬ ಊರ ಹೆಸರು ನಮಗೆ ಮೊದಲು ಸಿಗುವುದು ಆ ಕಲ್ಲಿನಲ್ಲಿ. ಅಲ್ಲಿಂದ ತೆಂಕಣಕ್ಕೆ ಘಟ್ಟವಿಳಿದು ಹೋದರೆ ಧರ್ಮಪುರಿ, ಹಳೆಯ ತಗಡೂರು. ಅಲ್ಲಿ ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನವಿದೆ, ಕ್ರಿ.ಶ. 893ರದು, ಜೈನ ಬಸದಿಗೆ ಬಿಟ್ಟ ದತ್ತಿಯ ವಿಷಯ ಹೇಳುತ್ತದೆ. ಬೇಗೂರು ಈ ತುದಿ, ಧರ್ಮಪುರಿ ಆ ತುದಿ, ಹೊಸೂರು ನಡುವೆ. ಎರಡು ತುದಿಗಳಲ್ಲೂ ಒಂದೇ ಕಾಲದಲ್ಲಿ ಕನ್ನಡ ಬರೆಯುತ್ತಿದ್ದರು, ಓದುವವರು ಇದ್ದರು. ನಡುವಿನ ಊರಿಗೆ ಮಾತ್ರ ಕನ್ನಡ 1970ರ ನಂತರ ಬಸ್ಸು ಹತ್ತಿ ಬಂತೆಂದು ನಂಬಬೇಕೆ?

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬೆಂಗಳೂರಿನ ಒಳಗೇ, ಇದೇ ಹೊಸೂರು ರಸ್ತೆಯ ಬದಿಗೆ, ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ 1247ರ ತಮಿಳು ಶಾಸನವಿದೆ. ದೊಮ್ಮಲೂರಿನ ಚೊಕ್ಕನಾಥನ ಗುಡಿಯಲ್ಲಿಯೂ ತಮಿಳು ಬರಹಗಳಿವೆ. ಧರ್ಮಪುರಿಯಲ್ಲಿ ಕನ್ನಡದ ಕಲ್ಲು ಸಿಕ್ಕಿತೆಂದು ಕುಣಿಯುವವರು ಬೆಂಗಳೂರಿನ ತಮಿಳು ಕಲ್ಲಿನ ಮುಂದೆ ಕಣ್ಣು ಮುಚ್ಚಬಾರದು. ಹೊಸೂರು ಸೀಮೆಯಲ್ಲಿ ತೆಲುಗು ಮಾತಾಡುವ ಮನೆಗಳು ಎಷ್ಟಿವೆಯೆಂಬುದೂ ಎಲ್ಲರಿಗೆ ಗೊತ್ತು. ಅಂದರೆ ಈ ದಾರಿಯ ಇಕ್ಕೆಲದಲ್ಲಿ ಭಾಷೆಗಳು ಒಂದರೊಳಗೊಂದು ಹೆಣೆದುಕೊಂಡು ಬಾಳಿವೆ. ಯಾವ ಊರಲ್ಲಿ ಯಾರು ಓದುತ್ತಾರೋ ಅವರ ಭಾಷೆಯಲ್ಲಿ ಕಲ್ಲು ಕೆತ್ತುತ್ತಿದ್ದರು. ದೊರೆ ಯಾವ ಭಾಷೆಯವನು, ಸೀಮೆಯ ಗೆರೆ ಎಲ್ಲಿ ಎಂದು ಕೇಳಿ ಕೆತ್ತಿದ್ದಲ್ಲ.

ಧರ್ಮಪುರಿ ಸೀಮೆಯಲ್ಲಿಯೇ ಸಿಕ್ಕ ಇನ್ನೆರಡು ಕಲ್ಲುಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟವು. ಅವು ಶಾಸನವೂ ಹೌದು, ಮೈಲಿಗಲ್ಲೂ ಹೌದು. 13ನೆಯ ಶತಮಾನದ ಆ ತಮಿಳು ಬರಹಗಳು ‘ಅದಿಯಮಾನ್ ಪೆರುವಳಿ’ ಎಂಬ ದಾರಿಯ ಹೆಸರು ಹೇಳಿ, ‘ನಾವಲ್ ತಾವಳ’ ಎಂಬ ಸ್ಥಳಕ್ಕೆ ಒಂದರಲ್ಲಿ 29 ಕಾದ, ಇನ್ನೊಂದರಲ್ಲಿ 27 ಕಾದ ದೂರವೆಂದು ತಿಳಿಸುತ್ತವೆ. ಕಾದವೆಂದರೆ ನಮ್ಮ ಗಾವುದದಂಥ ದೂರದ ಅಳತೆ. ಪೆರುವಳಿ ಎಂದರೇನೆಂದು ಮಲೆಯಾಳ ಬಲ್ಲ ನಿಮಗೆ ಹೇಳಬೇಕಾಗಿಲ್ಲ. ಕನ್ನಡದ ‘ಹೆದ್ದಾರಿ’ಗೆ ಅಕ್ಷರಶಃ ಅದೇ ಅರ್ಥ. ಆ ಕಲ್ಲಿನ ಸೊಗಸೆಂದರೆ, ದೂರವನ್ನು ಬರೆದದ್ದಲ್ಲದೆ, ಓದಲು ಬಾರದವರಿಗೆಂದು ಹತ್ತಕ್ಕೊಂದು ದೊಡ್ಡ ಕುಳಿ, ಒಂದಕ್ಕೊಂದು ಸಣ್ಣ ಕುಳಿ ಎಂಬ ಲೆಕ್ಕದಲ್ಲಿ ಕುಳಿಗಳನ್ನೂ ಕೊರೆದಿದ್ದಾರೆ. ಹೇರೆತ್ತು ಹೊಡೆದುಕೊಂಡು ಬಂದ ವರ್ತಕ, ತಮಿಳನಾಗಲಿ ಕನ್ನಡಿಗನಾಗಲಿ ತೆಲುಗನಾಗಲಿ, ಬೆರಳಿನಿಂದ ಮುಟ್ಟಿ ಲೆಕ್ಕ ಹಾಕಬಹುದಿತ್ತು. ಏಳುನೂರು ವರ್ಷಗಳ ಹಿಂದೆ ದಾರಿಗೆ ಕಲ್ಲು ನೆಟ್ಟವರಿಗೆ ಅಷ್ಟು ಸೌಜನ್ಯವಿತ್ತು. ಈಗಿನವರಿಗೆ ಯಾಕೆ ಇರಬಾರದು ಎಂಬುದೇ ನನ್ನ ಪ್ರಶ್ನೆ.

ಇನ್ನು ಗಡಿಯ ವಿಷಯ. ಗಡಿ ಮೊದಲಿಂದ ಅಲ್ಲೇ ಇತ್ತು, ರಸ್ತೆ ಅದನ್ನು ದಾಟಿ ಹೋಯಿತು ಎಂದು ನಾವೆಲ್ಲ ತಿಳಿದಿದ್ದೇವೆ. ಚರಿತ್ರೆ ಓದಿದರೆ ಅದು ತಿರುವುಮುರುವು. ದಾರಿ ಮೊದಲಿತ್ತು, ಆ ದಾರಿಯನ್ನು ಕೈಯಲ್ಲಿ ಇಟ್ಟುಕೊಳ್ಳುವುದಕ್ಕಾಗಿ ಗಡಿಯನ್ನು ಎಳೆದರು.

ಮದರಾಸಿನ ಬಯಲಿನಿಂದ ಮೈಸೂರಿನ ಎತ್ತರಕ್ಕೆ ಏರಲು ಇದ್ದವು ಕೆಲವೇ ಕಣಿವೆಗಳು. ಕಾರ್ನ್‌ವಾಲಿಸ್ 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಹಿಡಿದದ್ದು ಮುಗಲಿ ಕಣಿವೆ ಹತ್ತಿ ಕೋಲಾರದ ಮೇಲೆ ಬಂದು. ಹಿಡಿದರೇನು, ಸೈನ್ಯಕ್ಕೆ ಅಕ್ಕಿ ಬೇಕು, ಎತ್ತಿಗೆ ಹುಲ್ಲು ಬೇಕು. ಶ್ರೀರಂಗಪಟ್ಟಣದ ತನಕ ಹೋಗಿ, ತಿನ್ನಲಿಲ್ಲದೆ ಹಿಂದಿರುಗಿದ ಮೇಲೆ ಆತ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, 1791ರ ಜುಲೈಯಲ್ಲಿ ಹೊಸೂರನ್ನೂ ರಾಯಕೋಟೆಯನ್ನೂ ಹಿಡಿದದ್ದು. ಬಾರಾಮಹಲಿನಿಂದ ಮೇಲೇರುವ ದಾರಿ ಹಾಗೆ ತೆರೆಯಿತು. ಲಂಬಾಣಿಗಳ ಎತ್ತಿನ ಹಿಂಡುಗಳು ಧಾನ್ಯ ಹೊತ್ತು ತಂದವು. 1792ರ ಮಾರ್ಚಿನ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಕಂಪೆನಿಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ಕೃಷ್ಣಗಿರಿಯೂ ಸೇರಿದ ಬಾರಾಮಹಲು ಒಂದು. ಆಗಲೂ ಘಟ್ಟದ ಮೇಲಿನ ಹೊಸೂರು ಮೈಸೂರಿನಲ್ಲೇ ಉಳಿಯಿತು. ಹೊಸೂರಿನಿಂದ ಶೂಳಗಿರಿ ದಾಟಿ ಕೃಷ್ಣಗಿರಿಗೆ ಇಳಿಯುವಾಗ ಬಸ್ಸಿನ ಕಿಟಕಿಯಲ್ಲಿ ಬಿಸಿಗಾಳಿ ಹೊಡೆಯುತ್ತದಲ್ಲ, ನೆಲದ ಸಹಜ ಗೆರೆ ಅಲ್ಲಿತ್ತು. ಏಳು ವರ್ಷ ಗಡಿಯೂ ಆ ಗೆರೆಯ ಮೇಲೇ ಇತ್ತು.

1799ರಲ್ಲಿ ಅದು ಬದಲಾಯಿತು. ಜನರಲ್ ಹ್ಯಾರಿಸನ ದಂಡು ಫೆಬ್ರವರಿಯಲ್ಲಿ ವೆಲ್ಲೂರಿನ ಕಡೆಯಿಂದ ಹೊರಟು, ಮಾರ್ಚ್ 5ರಂದು ರಾಯಕೋಟೆಯ ಬಳಿ ಮೈಸೂರಿನ ಎಲ್ಲೆ ದಾಟಿ, ಕೆಲಮಂಗಲ, ಆನೇಕಲ್ ಮೇಲೆ ಸಾಗಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಮೇಲೆ ರಾಜ್ಯ ಹಂಚುವಾಗ ಕಂಪೆನಿಯ ಲೆಕ್ಕ ಸ್ಪಷ್ಟವಾಗಿತ್ತು: ಘಟ್ಟದ ಕಣಿವೆಗಳ ತಲೆಬಾಗಿಲುಗಳು ತನ್ನ ಕೈಯಲ್ಲಿರಬೇಕು, ಸಮುದ್ರದ ದಂಡೆ ತನ್ನ ಕೈಯಲ್ಲಿರಬೇಕು, ನಡುವಿನ ನೆಲದಲ್ಲಿ ಬೇಕಾದರೆ ಒಡೆಯರು ಆಳಲಿ. ಕಣಿವೆಗಾಗಿ ಹೊಸೂರು ಸೀಮೆಯನ್ನು ತೆಗೆದುಕೊಂಡು ಸೇಲಂಗೆ ಸೇರಿಸಿತು. ಕಡಲಿಗಾಗಿ ಕನ್ನಡ ಜಿಲ್ಲೆಯನ್ನು, ಅಂದರೆ ನಿಮ್ಮ ಕಾಸರಗೋಡೂ ಇದ್ದ ಸೀಮೆಯನ್ನು ತೆಗೆದುಕೊಂಡಿತು. ಬಾರಾಮಹಲಿನಲ್ಲಿ ಏಳು ವರ್ಷ ಕಂದಾಯ ಕಟ್ಟಿಸಿಕೊಂಡು ಪಳಗಿದ ಥಾಮಸ್ ಮನ್ರೋನನ್ನೇ ಅದೇ 1799ರಲ್ಲಿ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಕಳುಹಿಸಿದರು. ಒಂದೇ ಕೈ ಎಂದು ಮೊದಲು ಹೇಳಿದ್ದು ಇದನ್ನೇ.

ಆ ಹಂಚಿಕೆಯಲ್ಲಿ ಯಾರ ಮನೆಯಲ್ಲಿ ಯಾವ ಮಾತು ಎಂದು ಯಾರೂ ಕೇಳಲಿಲ್ಲ. ಕೇಳುವ ಕಾಲವೂ ಅದಾಗಿರಲಿಲ್ಲ. ಆದರೆ ಅತ್ತಿಬೆಲೆಗೂ ಜೂಜುವಾಡಿಗೂ ನಡುವೆ ಅಂದು ದಂಡಿನ ಅನುಕೂಲಕ್ಕೆ ಎಳೆದ ಗೆರೆಯನ್ನು ಇಂದು ಭಾಷೆಯ ಗೆರೆಯೆಂದು ತಿಳಿದು, ಈಚೆಗಿರುವ ಕನ್ನಡಿಗನನ್ನು ವಲಸೆಗಾರ ಎನ್ನುವುದು ಯಾವ ನ್ಯಾಯ? ನಾವು ಗಡಿ ದಾಟಿ ಬಂದವರಲ್ಲ. ಗಡಿಯೇ ನಮ್ಮ ತಲೆಯ ಮೇಲೆ ದಾಟಿ ಹೋಯಿತು.

ಮುಂದಿನ ಪುಟಕ್ಕೆ ಬರೋಣ. 1864ರಲ್ಲಿ ಮದರಾಸಿನ ರೈಲು ಬೆಂಗಳೂರಿಗೆ ಬಂದಾಗ ಅದು ಜೋಲಾರ್‌ಪೇಟೆ, ಕುಪ್ಪಂ, ಬಂಗಾರಪೇಟೆಯ ದಾರಿ ಹಿಡಿಯಿತು. ಹೊಸೂರು ಬದಿಗೆ ಬಿತ್ತು. ಎಷ್ಟೋ ವರ್ಷಗಳ ಮೇಲೆ, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಹಾಕಿದ ಎರಡೂವರೆ ಅಡಿಯ ಪುಟ್ಟ ರೈಲುದಾರಿಯನ್ನು 1913ರಲ್ಲಿ ಹೊಸೂರಿನವರೆಗೆ ಎಳೆದರು. 1941ರಲ್ಲಿ, ಯುದ್ಧದ ಕಾಲಕ್ಕೆ, ಅದನ್ನೂ ಮುಚ್ಚಿದರು. ಆಮೇಲೆ ಬೆಂಗಳೂರು-ಸೇಲಂ ರೈಲು ಬರುವ ತನಕ, ಅಂದರೆ 1960ರ ದಶಕದ ಕೊನೆಯ ತನಕ, ಹೊಸೂರಿಗೆ ಇದ್ದದ್ದು ರಸ್ತೆಯೊಂದೇ. ನಮ್ಮ ಹಿರಿಯರು ರಾಗಿ, ಹುರುಳಿ, ಹುಣಿಸೆಹಣ್ಣು ಗಾಡಿಗೇರಿಸಿದ್ದು ಆ ರಸ್ತೆಯಲ್ಲಿ, ಹೆಣ್ಣು ಕೊಟ್ಟು ತಂದದ್ದು ಆ ರಸ್ತೆಯಲ್ಲಿ. ಆನೇಕಲ್ಲಿನ ಅತ್ತೆ, ಬಾಗಲೂರಿನ ಸೊಸೆ, ಅತ್ತಿಬೆಲೆಯ ಸೋದರಮಾವ - ಇಂಥ ನೆಂಟಸ್ತಿಕೆಗೆ ಮದರಾಸು ಸರಕಾರ, ಮೈಸೂರು ಸರಕಾರ ಎಂಬ ಭೇದ ಇರಲಿಲ್ಲ. ರಸ್ತೆಯನ್ನು ಜೀವಂತ ಇಟ್ಟದ್ದು ಈ ಗಾಡಿಗಳು, ಈ ನೆಂಟಸ್ತಿಕೆಗಳು. ಇಂಜಿನಿಯರು ಬಂದು ಡಾಂಬರು ಹಾಕಿದ್ದು ಅವುಗಳ ಜಾಡಿನ ಮೇಲೇ.

ಇಂಜಿನಿಯರರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. 1943ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಖ್ಯ ಇಂಜಿನಿಯರುಗಳು ಸೇರಿ, ದೇಶಕ್ಕೊಂದು ರಸ್ತೆಯ ಬಲೆ ಹೇಗಿರಬೇಕೆಂದು ಯೋಜನೆ ಹಾಕಿದರು. ರಾಷ್ಟ್ರೀಯ ಹೆದ್ದಾರಿ ಎಂಬ ಕಲ್ಪನೆ ಗಟ್ಟಿಯಾದದ್ದು ಅಲ್ಲಿ. 1947ರ ಏಪ್ರಿಲಿನಿಂದ ಅವುಗಳ ಹೊಣೆಯನ್ನು ಕೇಂದ್ರ ವಹಿಸಿಕೊಂಡಿತು. ಉತ್ತರದಲ್ಲಿ ಮಿರ್ಜಾಪುರದಿಂದ ಜಬಲ್ಪುರಕ್ಕೆ ಕಂಪೆನಿ ಹಾಕಿದ ಗ್ರೇಟ್ ಡೆಕ್ಕನ್ ರೋಡ್, ನಡುವೆ ನಾಗಪುರ-ಹೈದರಾಬಾದು-ಕರ್ನೂಲುಗಳ ದಾರಿ, ದಕ್ಷಿಣದಲ್ಲಿ ಬೆಂಗಳೂರು-ಹೊಸೂರು-ಸೇಲಂ-ಮಧುರೆಯ ದಾರಿ, ಇವನ್ನೆಲ್ಲ ಒಂದರ ತುದಿಗೊಂದು ಗಂಟು ಹಾಕಿ 7 ಎಂಬ ಸಂಖ್ಯೆ ಕೊಟ್ಟರು. ಹೀಗೆ ಅದು ಹಳೆಯ ದಾರಿಗಳ ಮಾಲೆ. ಯಾರೋ ಒಬ್ಬರು ಒಂದು ದಿನ ಹೊಸದಾಗಿ ಹಾಕಿದ ರಸ್ತೆಯೆಂದು ಹೇಳಲು ಬರುವುದಿಲ್ಲ.

ಈಗ 1956ಕ್ಕೆ ಬನ್ನಿ. ಆ ವರ್ಷ ದಿಲ್ಲಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಕಾಯಿದೆಗಳು ಹುಟ್ಟಿದವು. ರಾಜ್ಯಗಳ ಪುನಾರಚನೆಯ ಕಾಯಿದೆ 37ನೆಯದು, ಆಗಸ್ಟ್ ಕೊನೆಗೆ ಅಂಕಿತವಾಯಿತು. ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ 48ನೆಯದು, ಸೆಪ್ಟೆಂಬರಿನಲ್ಲಿ ಅಂಕಿತವಾಯಿತು. ಒಂದು ಕಾಯಿದೆ ನಮ್ಮನ್ನು ಬೇರೆ ಮಾಡಿತು, ಇನ್ನೊಂದು ನಮ್ಮ ಅಂಗಳದ ರಸ್ತೆಯನ್ನು ದೇಶಕ್ಕೆಲ್ಲ ಸೇರಿದ್ದೆಂದು ಘೋಷಿಸಿತು. ಅಲ್ಲಿಯವರೆಗೆ ಕಾಸರಗೋಡೂ ಹೊಸೂರೂ ಮದರಾಸು ರಾಜ್ಯದ ಒಂದೇ ಸೂರಿನಡಿ ಇದ್ದವು. ನವೆಂಬರ್ 1ರಂದು ನೀವು ಕೇರಳಕ್ಕೆ ಹೋದಿರಿ, ನಾವು ಮದರಾಸಿನಲ್ಲೇ ಉಳಿದೆವು. ನಿಮಗೆ ಮಹಾಜನ ಆಯೋಗವಾದರೂ ಬಂತು. 1967ರಲ್ಲಿ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಬರೆದಿಟ್ಟು ಹೋಯಿತು. ಅದು ಜಾರಿಯಾಗದ ನೋವು ನಿಮ್ಮದು. ಆ ಆಯೋಗದ ಮುಂದಿದ್ದದ್ದು ಮಹಾರಾಷ್ಟ್ರ, ಮೈಸೂರು, ಕೇರಳಗಳ ಪ್ರಶ್ನೆ ಮಾತ್ರ. ಹೊಸೂರಿನ ಹೆಸರು ಅದರಲ್ಲಿ ಇರಲಿಲ್ಲ. ನಾವು ಆ ನೋವಿಗೂ ಅರ್ಹರಾಗಲಿಲ್ಲ.

ಹೊಸೂರನ್ನು ಕರ್ನಾಟಕಕ್ಕೆ ಸೇರಿಸಿರೆಂದು ಈ ಲೇಖನ ಕೇಳುತ್ತಿಲ್ಲ. ಆ ಹೊತ್ತು ಕಳೆದು ಬಹಳ ಕಾಲವಾಯಿತು. ತಮಿಳುನಾಡಿನ ಅನ್ನ ಉಂಡಿದ್ದೇವೆ, ಇಲ್ಲಿನ ತಮಿಳರು ತೆಲುಗರು ನಮ್ಮ ಅಕ್ಕಪಕ್ಕದವರು. ಕೇಳುತ್ತಿರುವುದು ಅದಕ್ಕಿಂತ ಚಿಕ್ಕದು, ಆದರೆ ಬಿಟ್ಟುಕೊಡಲಾಗದ್ದು: ಈ ದಾರಿಯ ಮೇಲೆ ನಮ್ಮ ಊರುಗಳ ಹೆಸರು ನಮ್ಮ ಅಕ್ಷರದಲ್ಲೂ ಇರಬೇಕು.

1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. 1980ರ ದಶಕ ಮುಗಿಯುವ ಮುಂಚೆ ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಟೈಟನ್ ಎಲ್ಲ ಇಲ್ಲಿ ನೆಲೆಯೂರಿದ್ದವು. ಸುವರ್ಣ ಚತುಷ್ಪಥದಲ್ಲಿ ಬೆಂಗಳೂರು-ಕೃಷ್ಣಗಿರಿಯ ಭಾಗವೂ ಸೇರಿ ರಸ್ತೆ ಅಗಲವಾಯಿತು. 2010ರ ಜನವರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ತೆರೆಯಿತು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಇದರಿಂದ ಅನ್ನ ಸಿಕ್ಕಿತು, ಇಲ್ಲವೆನ್ನುವವನು ಕೃತಘ್ನ. ಆದರೆ ರಸ್ತೆ ಅಗಲವಾದಷ್ಟೂ ಅದರ ಬದಿಯ ಊರುಗಳು ಕಿರಿದಾದವು. ಹಿಂದೆ ಗಾಡಿ ನಿಂತು ನೀರು ಕೇಳುತ್ತಿದ್ದ ಹಳ್ಳಿಗಳು ಈಗ ಮೇಲ್ಸೇತುವೆಯ ಕೆಳಗಿನ ಒಂದು ತಿರುವು. ಆ ತಿರುವಿಗೆ ಹಾಕಿದ ಫಲಕವೊಂದೇ ಊರಿನ ಗುರುತು. ಆ ಫಲಕದಲ್ಲಿ ಊರು ತನ್ನ ಹೆಸರನ್ನು ತಾನೇ ಗುರುತಿಸದಿದ್ದರೆ?

ಹೊಸೂರು ಎಂದರೆ ಕನ್ನಡದಲ್ಲಿ ಹೊಸ ಊರು. ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ತಮಿಳು ಫಲಕದಲ್ಲಿ ಅದು ಓಸೂರ್. ತಮಿಳಿನ ಸ್ವಂತ ಅಕ್ಷರಮಾಲೆಯಲ್ಲಿ ಹಕಾರವಿಲ್ಲ, ಆದ್ದರಿಂದ ಅವರು ಹಾಗೆ ಬರೆಯುವುದು ಸಹಜ, ಅದರಲ್ಲಿ ದ್ವೇಷ ಹುಡುಕಬೇಕಾಗಿಲ್ಲ. ಆದರೆ ಪಕ್ಕದಲ್ಲಿ ‘ಹೊಸೂರು’ ಎಂದು ಕನ್ನಡದಲ್ಲೂ ಬರೆದಿದ್ದರೆ ಅರ್ಥ ಉಳಿಯುತ್ತಿತ್ತು. ಕುರುಬರಪಳ್ಳಿ, ಶೂಳಗಿರಿ, ಜೂಜುವಾಡಿ - ಹೆದ್ದಾರಿಯ ಬದಿಯ ಈ ಹೆಸರುಗಳು ಮೂರು ಭಾಷೆಗಳ ನಾಲಗೆಯಲ್ಲಿ ಹೊರಳಿದವು. ಒಂದೇ ನಾಲಗೆಯಲ್ಲಿ ಬರೆದರೆ ಹೆಸರು ಉಳಿಯುತ್ತದೆ, ಅದರ ನೆನಪು ಹೋಗುತ್ತದೆ. ಮಂಜೇಶ್ವರಕ್ಕೂ ಮಂಜೇಶ್ವರಂಗೂ ಇರುವ ವ್ಯತ್ಯಾಸ ಒಂದು ಸೊನ್ನೆ ಮಾತ್ರವೇ ಎಂದು ನಿಮ್ಮನ್ನು ಕೇಳಿದರೆ ನೀವು ಒಪ್ಪುವಿರಾ? 2021ರಲ್ಲಿ ನಿಮ್ಮ ಕಡೆಯ ಊರ ಹೆಸರುಗಳನ್ನು ಬದಲಿಸುತ್ತಾರೆಂಬ ಸುದ್ದಿ ಎದ್ದಾಗ, ಅಂಥ ತೀರ್ಮಾನ ಇಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂತು. ಒಳ್ಳೆಯದು. ಆದರೆ ಆಜ್ಞೆಯೇ ಬೇಕೆಂದಿಲ್ಲ, ಫಲಕ ಬರೆಯುವವನ ಕುಂಚ ಸಾಕು ಎಂಬುದು ಗಡಿನಾಡಿನಲ್ಲಿರುವವರಿಗೆ ಗೊತ್ತು.

ನಮ್ಮ ವಾದಕ್ಕೆ ದೊಡ್ಡ ಸಾಕ್ಷಿ ತಮಿಳುನಾಡೇ ಒದಗಿಸಿದೆ. 2017ರ ಮಾರ್ಚಿನಲ್ಲಿ ವೆಲ್ಲೂರು ಮತ್ತು ಕೃಷ್ಣಗಿರಿ ಜಿಲ್ಲೆಗಳಲ್ಲಿ 75 ಮತ್ತು 77ನೆಯ ರಾಷ್ಟ್ರೀಯ ಹೆದ್ದಾರಿಗಳ ಮೈಲಿಗಲ್ಲುಗಳ ಮೇಲೆ ಇಂಗ್ಲಿಷಿನಲ್ಲಿದ್ದ ಊರ ಹೆಸರುಗಳನ್ನು ಅಳಿಸಿ ಹಿಂದಿಯಲ್ಲಿ ಬರೆದರು. ಈ 77 ಬೇರೆ ಯಾವುದೂ ಅಲ್ಲ, ಹಿಂದೆ 66 ಎನಿಸಿಕೊಂಡಿದ್ದ ಅದೇ ಕೃಷ್ಣಗಿರಿಯ ಮಾರ್ಗ. ಇಡೀ ತಮಿಳುನಾಡು ಸಿಟ್ಟಿಗೆದ್ದಿತು. ದ್ರಾವಿಡ ಮುನ್ನೇಟ್ರ ಕಳಗಂ, ಪಾಟ್ಟಾಳಿ ಮಕ್ಕಳ್ ಕಚ್ಚಿ, ಮರುಮಲರ್ಚಿ ಡಿ.ಎಂ.ಕೆ. ಎಲ್ಲ ಪಕ್ಷಗಳೂ ಪ್ರತಿಭಟಿಸಿದವು. ಅವರ ವಾದದ ತಿರುಳು ಇಷ್ಟು: ರಸ್ತೆಯ ಕಲ್ಲು ಆ ನೆಲದಲ್ಲಿ ಬಾಳುವವರಿಗೆ ಅರ್ಥವಾಗುವ ಅಕ್ಷರದಲ್ಲಿರಬೇಕು, ದೂರದ ಅಧಿಕಾರ ತನಗೆ ಬೇಕಾದ ಅಕ್ಷರವನ್ನು ಅದರ ಮೇಲೆ ಬಳಿಯಬಾರದು.

ನಾನು ಆ ವಾದವನ್ನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೆ ಕೇಳುತ್ತೇನೆ: ದಿಲ್ಲಿಗೆ ಹೇಳಿದ ನ್ಯಾಯ ಚೆನ್ನೈಗೂ ಅನ್ವಯಿಸಬೇಕಲ್ಲವೇ? ಮೈಲಿಗಲ್ಲಿನ ಅಕ್ಷರ ಮಾನದ ಪ್ರಶ್ನೆಯೆಂದು ತಮಿಳರಷ್ಟು ಚೆನ್ನಾಗಿ ಅರಿತವರು ಈ ದೇಶದಲ್ಲಿ ಇಲ್ಲ. ಹಾಗೆ ಅರಿತವರಿಗೆ ಜೂಜುವಾಡಿಯ ಕನ್ನಡಿಗನ ಮಾನ ಅರ್ಥವಾಗದೆಂದು ನಾನು ನಂಬುವುದಿಲ್ಲ. ಅವರಿಗೆ ಅದನ್ನು ಅವರದೇ ಮಾತಿನಲ್ಲಿ ನಾವು ಇನ್ನೂ ಹೇಳಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಒಂದು: ಫಲಕದಲ್ಲಿ ಅಕ್ಷರ ಹೆಚ್ಚಾದರೆ ವೇಗದಲ್ಲಿ ಹೋಗುವ ಚಾಲಕನಿಗೆ ಗೊಂದಲ. ಸರಿಯಾದ ಮಾತು. ಆರು ಪಥದ ಮೇಲಿನ ದೊಡ್ಡ ಫಲಕಗಳನ್ನು ಹಾಗೆಯೇ ಬಿಡಿ. ನಾವು ಕೇಳುವುದು ಸರ್ವೀಸ್ ರಸ್ತೆಯ ಬದಿಯ ಊರ ಹೆಸರಿನ ಫಲಕ, ಬಸ್ಸಿನ ತಂಗುದಾಣ, ಊರೊಳಗಿನ ಕಲ್ಲು. ಅಲ್ಲಿ ಯಾರೂ ನೂರು ಕಿಲೋಮೀಟರು ವೇಗದಲ್ಲಿ ಹೋಗುವುದಿಲ್ಲ.

ಇನ್ನೊಂದು: ಕರ್ನಾಟಕದವರು ಅತ್ತಿಬೆಲೆಯಲ್ಲಿ ತಮಿಳು ಫಲಕ ಹಾಕುತ್ತಾರೆಯೇ? ಹಾಕಲಿ. ಆನೇಕಲ್ ತಾಲೂಕಿನಲ್ಲಿ ತಮಿಳು ಮಾತಾಡುವವರು ಸಾಕಷ್ಟಿರುವ ಊರಿಗೆ ತಮಿಳಿನಲ್ಲೂ ಹೆಸರು ಬರೆಯಲಿ. ಮಡಿವಾಳದ ಗುಡಿಯ ಕಲ್ಲು ಏಳುನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿ ತಮಿಳನ್ನು ಹೊತ್ತು ನಿಂತಿದೆ, ಬೆಂಗಳೂರಿಗೆ ಅದರಿಂದ ಏನೂ ನಷ್ಟವಾಗಲಿಲ್ಲ. ಗಡಿಯ ಆಚೆ ಇರುವ ನಮ್ಮವರಿಗೆ ಈ ಮಾತು ರುಚಿಸದಿರಬಹುದು. ಆದರೆ ತಾನು ಕೊಡದೆ ಬೇರೆಯವರಿಂದ ಕೇಳುವ ಬಾಯಿಗೆ ಬಲವಿಲ್ಲ.

ಆಚೆಯ ನಮ್ಮವರಿಗೆ ಇನ್ನೂ ಒಂದು ಮಾತು ಹೇಳಬೇಕಾಗಿದೆ. 1991ರಲ್ಲಿ, 2016ರಲ್ಲಿ ಕಾವೇರಿಯ ಗಲಭೆ ಎದ್ದಾಗ ಈ ಹೆದ್ದಾರಿಗೆ ಏನಾಯಿತೆಂದು ನಾವು ಕಂಡಿದ್ದೇವೆ. ಬಂದ್ ಎಂದಾಗಲೆಲ್ಲ ಆಚೆಯ ಬಸ್ಸು ಅತ್ತಿಬೆಲೆಯಲ್ಲಿ ನಿಲ್ಲುತ್ತದೆ, ಈಚೆಯ ಬಸ್ಸು ಜೂಜುವಾಡಿಯಲ್ಲಿ ನಿಲ್ಲುತ್ತದೆ, ನಡುವಿನ ದಾರಿಯನ್ನು ಬಿಸಿಲಲ್ಲಿ ಗಂಟುಮೂಟೆ ಹೊತ್ತು ನಡೆಯುವವರು ನಾವು. ಕನ್ನಡದ ಹೆಸರಿನಲ್ಲಿ ರಸ್ತೆ ತಡೆಯುವ ಶೂರರಿಗೆ, ಆ ತಡೆ ಮೊದಲು ಬೀಳುವುದು ಹೊಸೂರಿನ ಕನ್ನಡಿಗನ ಮೇಲೆಂದು ತೋಚುವುದೇ ಇಲ್ಲ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಕರ್ನಾಟಕ ಸರಕಾರವೇ ಕಾಸರಗೋಡಿನ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿಸಿತು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಿಮ್ಮ ರೋಗಿಗಳಿಗೆ ದಾರಿಯಿಲ್ಲದಾಯಿತು, ಜೀವಗಳು ಹೋದವು. ಏಪ್ರಿಲ್ 1ರಂದು ತಡೆ ತೆರವು ಮಾಡಿಸಿರೆಂದು ಕೇಂದ್ರಕ್ಕೆ ಹೇಳಬೇಕಾಗಿ ಬಂದದ್ದು ಕೇರಳದ ಉಚ್ಚ ನ್ಯಾಯಾಲಯ. ಅಲ್ಲಿ ನರಳಿದವರಲ್ಲಿ ಕನ್ನಡ ಮನೆಗಳವರೂ ಇರಲಿಲ್ಲವೇ? ನಮ್ಮ ಹೆಸರು ಹೇಳಿ ಮಾತಾಡುವವರು ನಮ್ಮ ದಾರಿಯನ್ನು ಮುಚ್ಚಬಾರದು. ಗಡಿನಾಡಿನವನಿಗೆ ರಸ್ತೆ ತೆರೆದಿರುವುದೇ ಮೊದಲ ಭಾಷಾಹಕ್ಕು.

ಮೂರನೆಯ ಆಕ್ಷೇಪ ನಮ್ಮ ಮನೆಗಳ ಒಳಗಿನಿಂದಲೇ ಬರುತ್ತದೆ: ‘ಫಲಕದಿಂದ ಹೊಟ್ಟೆ ತುಂಬುತ್ತದೆಯೇ? ಮಕ್ಕಳು ಇಂಗ್ಲಿಷ್ ಕಲಿತು ಬೆಂಗಳೂರಿಗೆ ಹೋದರೆ ಸಾಕು.’ ನನ್ನ ಕೌಂಟರಿಗೆ ಬರುವ ಹಿರಿಯರಲ್ಲಿ ಕನ್ನಡದಲ್ಲಿ ಸಹಿ ಮಾಡುವವರು ಇದ್ದಾರೆ. ಮುತ್ತು ಪೋಣಿಸಿದಂಥ ಅಕ್ಷರ. ಅವರ ಮೊಮ್ಮಕ್ಕಳು ಜೊತೆಗೆ ಬಂದು ಚಲನ್ ತುಂಬಿಕೊಡುತ್ತಾರೆ. ಅಜ್ಜನ ಸಹಿಯನ್ನು ಓದಲು ಆ ಮಕ್ಕಳಿಗೆ ಬಾರದು. ತಮಿಳುನಾಡಿನಲ್ಲಿ 2006ರ ಕಾಯಿದೆಯಿಂದ ತಮಿಳು ಕಲಿಕೆ ಎಲ್ಲ ಶಾಲೆಗಳಿಗೂ ಕಡ್ಡಾಯವಾಯಿತು, ಕೇರಳದಲ್ಲಿ 2017ರ ಕಾಯಿದೆಯಿಂದ ಮಲೆಯಾಳ. ನೆಲದ ಭಾಷೆ ಕಲಿಯುವುದು ತಪ್ಪಲ್ಲ, ಕಲಿಯಲೇಬೇಕು. ಆದರೆ ಹತ್ತನೆಯ ತರಗತಿಯ ತಮಿಳು ಪತ್ರಿಕೆಯಿಂದ ವಿನಾಯಿತಿ ಕೇಳಿ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳ ಕಡೆಯವರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2023ರಲ್ಲಿ ಒಂದು ವರ್ಷದ ವಿನಾಯಿತಿ ಮುಂದುವರಿಯಿತು. ಹೀಗೆ ವರ್ಷ ವರ್ಷ ಕಂತು ಕಟ್ಟಿ ಉಳಿಸಿಕೊಳ್ಳುವ ಸ್ಥಿತಿಯಲ್ಲಿರುವ ಭಾಷೆಗೆ ರಸ್ತೆಯ ಮೇಲಿನ ಒಂದು ಫಲಕ ಸಣ್ಣ ವಿಷಯವಲ್ಲ. ಶಾಲೆಯ ಗೋಡೆಯೊಳಗೆ ಮಾತ್ರ ಕಾಣುವ ಅಕ್ಷರವನ್ನು ಮಗು ಪರೀಕ್ಷೆಯ ವಿಷಯವೆಂದು ತಿಳಿಯುತ್ತದೆ. ದಾರಿಯಲ್ಲಿ ಕಾಣುವ ಅಕ್ಷರವನ್ನು ತನ್ನೂರಿನದೆಂದು ತಿಳಿಯುತ್ತದೆ.

ನಾವು ಕೇಳುವುದಕ್ಕೆ ಕಾನೂನಿನ ಆಧಾರವಿಲ್ಲವೆಂದೂ ಹೇಳಲಾಗದು. ಸಂವಿಧಾನದ 350ಎ ಮತ್ತು 350ಬಿ ವಿಧಿಗಳು 1956ರಲ್ಲಿ ಸೇರಿದ್ದು ನಮ್ಮಂಥವರಿಗಾಗಿಯೇ: ಒಂದು ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ, ಇನ್ನೊಂದು ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಗೆ. ಅದೇ ವರ್ಷ ಕೇಂದ್ರ ಗೃಹ ಮಂತ್ರಾಲಯ ಸಂಸತ್ತಿನ ಮುಂದಿಟ್ಟ ಟಿಪ್ಪಣಿಯಲ್ಲಿ, ಜಿಲ್ಲೆ, ಪುರಸಭೆ, ತಾಲೂಕುಗಳಂಥ ಪ್ರದೇಶದಲ್ಲಿ ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರುವುದು ಒಳ್ಳೆಯದೆಂದು ಬರೆದಿದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ತಮಿಳು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸಲು ಅವಕಾಶ ಕೊಟ್ಟಿದೆ. ಕಾಗದದ ಮೇಲೆ ಇರುವುದನ್ನು ಕಲ್ಲಿನ ಮೇಲೆ ಇಳಿಸುವುದಷ್ಟೇ ಉಳಿದಿದೆ.

ಅದು ತಾನಾಗಿ ಇಳಿಯುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿದಂತೆ ಟೋಲ್ ಗೇಟಿನಲ್ಲಿ ಗೊಣಗಿ ಪ್ರಯೋಜನವಿಲ್ಲ. ಮಾಡಬಹುದಾದ ಕೆಲಸ ಇಷ್ಟು. ಹೆದ್ದಾರಿಯ ಬದಿಯ ಒಂದೊಂದು ಊರಿನಿಂದ ಒಂದೊಂದು ಅರ್ಜಿ, ಕನ್ನಡ, ತೆಲುಗು, ತಮಿಳು ಮೂರೂ ಮನೆಗಳವರ ಸಹಿಯೊಂದಿಗೆ, ಹೆದ್ದಾರಿ ಪ್ರಾಧಿಕಾರಕ್ಕೆ ಹೋಗಬೇಕು, ಪ್ರತಿ ಜಿಲ್ಲಾಧಿಕಾರಿಗೆ ಹೋಗಬೇಕು, ಇನ್ನೊಂದು ಪ್ರತಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗಬೇಕು. ಕನ್ನಡ ಒಂದಕ್ಕೇ ಕೇಳಿದರೆ ಅದು ಜಗಳವೆನಿಸುತ್ತದೆ. ಮೂರಕ್ಕೂ ಕೇಳಿದರೆ ಅದು ಊರಿನ ಬೇಡಿಕೆಯಾಗುತ್ತದೆ. ನಮ್ಮ ನಮ್ಮ ಮನೆಯ ಗೇಟಿನ ಮೇಲೆ, ಮದುವೆಯ ಕಾಗದದ ಮೇಲೆ, ಅಂಗಡಿಯ ಬೋರ್ಡಿನ ಮೂಲೆಯಲ್ಲಿ ಊರ ಹೆಸರನ್ನು ಕನ್ನಡದಲ್ಲಿ ಬರೆಯಲು ಯಾವ ಪ್ರಾಧಿಕಾರದ ಅಪ್ಪಣೆಯೂ ಬೇಡ. ಹಳೆಯ ಛತ್ರ ಎಲ್ಲಿತ್ತು, ಅರವಟಿಗೆ ಎಲ್ಲಿತ್ತು, ಗಾಡಿ ಬಿಚ್ಚುತ್ತಿದ್ದ ತೋಪು ಯಾವುದು, ಸುಂಕದಕಟ್ಟೆ ಯಾವುದು ಎಂದು ಹೇಳಬಲ್ಲ ಹಿರಿಯರು ಇನ್ನೂ ಕೆಲವರು ಉಳಿದಿದ್ದಾರೆ. ಅವರು ಹೇಳುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು. ಆ ನೋಟ್‌ಬುಕ್ಕು ನಾಳೆ ನಮ್ಮ ಅರ್ಜಿಯ ಜೊತೆಗಿಡುವ ದಾಖಲೆ.

ಕಾಸರಗೋಡಿನ ಬಂಧುಗಳೇ, ನಿಮ್ಮ ಹೆದ್ದಾರಿಯೂ ಈಗ ಅಗಲಗೊಂಡು, ಹಳೆಯ ಫಲಕಗಳು ಹೋಗಿ ಹೊಸವು ನಿಲ್ಲುವ ಕಾಲ. ಒಮ್ಮೆ ಸಿಮೆಂಟು ಹಾಕಿ ನಿಲ್ಲಿಸಿದ ಫಲಕವನ್ನು ಬದಲಿಸುವುದು ಎಷ್ಟು ಕಷ್ಟವೆಂದು ಹೊಸೂರಿನವರಾದ ನಾವು ಬಲ್ಲೆವು. ತಲಪಾಡಿಯಿಂದ ತೆಂಕಣಕ್ಕೆ ಒಂದೊಂದು ಊರಿನ ತಿರುವಿನಲ್ಲೂ ಇಳಿದು ನೋಡಿ, ಯಾವ ಹೆಸರು ಯಾವ ಅಕ್ಷರದಲ್ಲಿದೆ ಎಂದು ಪಟ್ಟಿ ಮಾಡಿ. ನಮ್ಮ ಪಟ್ಟಿಯನ್ನು ಜೂಜುವಾಡಿಯಿಂದ ನಾವು ಆರಂಭಿಸುತ್ತೇವೆ. ಎರಡು ಪಟ್ಟಿಗಳೂ ಒಟ್ಟಿಗೆ ಹೋದರೆ ಕೇಳುವವರು ಕೇಳದೆ ಇರಲಾರರು.